ಬಾಗಿಲಿಗೆ ಕಟ್ಟಿದ ಕೆಂಪು ಸೀರೆ

ವಾಡಿಗೆ ಬಂದು ವಾರವಾಗುತ್ತಾ ಬಂದಿತ್ತು. ಓಣಿಯ ಒಬ್ಬ ಹೆಂಗಸೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ.

ನಾನೋ ಮಾತಿನ ಮಲ್ಲಿ. ಕಾಳಗಿಯ ತವರಿನಲ್ಲಿದ್ದಾಗ ಅವ್ವ, "ಇಕಿ ಬಾಯಿಗಿ ಯಾರರೆ ಕೀಲಿ ಹಾಕ್ರಿ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ಅಂಥವಳಿಗೆ ವಾರವಿಡೀ ಮಾತಿಲ್ಲ ಎಂದರೆ... ಊಟ ಬಿಟ್ಟೇನು, ಇದನ್ನು ಹೇಗೆ ಬಿಡಲಿ?

ಆಗಿನ್ನೂ ನಿಜಾಮರ ಸರ್ಕಾರ. ನನ್ನವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಗಾಡಿ ಬಂದಾಗ ಹಳಿ ಬದಲಿಸುವುದು, ಬಾವುಟ ತೋರಿಸುವುದು ಅವರ ಕೆಲಸ.

ಮದುವೆಯಾದ ಮೇಲೆ ಸೇಡಂ ಆಯಿತು, ಕುರಕುಂಟಾ ಆಯಿತು, ಚಿತ್ತಾಪುರ ಆಯಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ರೊಟ್ಟಿ ಹಂಚು... ವರ್ಗ ಎಂದ ಕೂಡಲೇ ಎತ್ತಿಕೊಂಡು ಗಾಡಿ ಹತ್ತುವುದು.

ಅವೆಲ್ಲ ಸಣ್ಣ ಸ್ಟೇಷನ್ನುಗಳು. ವಾಡಿ ಜಂಕ್ಷನ್ ಹಾಗಲ್ಲ. ಯಾವಾಗಲೂ ಇಂಜಿನ್ನಿನ ಕೂಗು, ಹೊಗೆ, ಎಲ್ಲೆಲ್ಲಿಯದೋ ಮಂದಿ. ನನ್ನ ಕಣ್ಣಿಗೆ ಅದು ದೊಡ್ಡ ಪಟ್ಟಣವೇ.

ಕ್ವಾರ್ಟರ್ಸ್ ಖಾಲಿ ಇರಲಿಲ್ಲ. ನನ್ನವರ ಗೆಳೆಯ ಹಂಪಣ್ಣ ಅಲ್ಲೇ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ. "ನಮ್ಮ ಮನಿ ಇರುವಾಗ ಬ್ಯಾರೆ ಕಡಿ ಯಾಕ ಹೋಗ್ತಿ?" ಎಂದು ಗದರಿಸಿ ಕರೆದುಕೊಂಡು ಬಂದ.

ಅವನ ಹೆಂಡತಿ ಸಿದ್ದಮ್ಮ ಮುಂದಿನ ಕೋಣೆಯನ್ನು ನಮಗೆ ಬಿಟ್ಟು, ತನ್ನ ಸಂಸಾರವನ್ನು ಹಿಂದಿನ ಕೋಣೆಗೆ ಸಾಗಿಸಿದಳು. ನನಗಿಂತ ಹಿರಿಯಳು, ಅತಿ ಸಂಕೋಚದ ಹೆಂಗಸು.

ಮುಂದಿನ ಕೋಣೆಯ ಬಾಗಿಲು ನೇರ ಓಣಿಗೆ. ಬ್ಯಾಸಗಿ ಬೇರೆ. ಕದ ಮುಚ್ಚಿದರೆ ಬೇಯಬೇಕು, ತೆರೆದರೆ ಹೋಗಿಬರುವವರೆಲ್ಲ ಇಣುಕುತ್ತಾರೆ.

ಬಂದ ದಿನವೇ ನನ್ನ ಹಳೆಯ ಕೆಂಪು ಸೀರೆಯನ್ನು ಮಡಚಿ ಬಾಗಿಲಿಗೆ ಪರದೆ ಕಟ್ಟಿದೆ. "ಭಾಳ ಛಲೋ ಕಾಣ್ತದ ನೋಡು" ಎಂದರು ನನ್ನವರು. ನಾನೂ ಹಿಗ್ಗಿದೆ.

ಆಮೇಲೆ ಶುರುವಾಯಿತು...

ಮಜ್ಜಿಗೆ ಮಾರುವವಳು ಓಣಿಯ ತುದಿಯಿಂದ ಗಂಟಲು ಹರಿಯುವಂತೆ ಕೂಗುತ್ತಾ ಬರುತ್ತಾಳೆ. ನಮ್ಮ ಬಾಗಿಲಿಗೆ ಬಂದಳೋ, ಗಪ್‌ಚುಪ್. ದಾಟಿದ ಮೇಲೆ ಮತ್ತೆ ಕೂಗು.

ನಳದ ಹತ್ತಿರ ಹೆಂಗಸರ ನಗು ಕೇಳಿಸುತ್ತದೆ. ಕೊಡ ಹೊತ್ತು ನಮ್ಮ ಮನೆಯ ಮುಂದೆ ಬಂದಾಗ ಪರದೆಯ ಕಡೆ ನೋಡಿ ಬರೀ ಪಿಸುಪಿಸು.

ಹೋಗಲಿ, ಹೊರಗಿನವರು. ಸಿದ್ದಮ್ಮನೂ ಪಾತ್ರೆಯ ಸಪ್ಪಳವಾಗದಂತೆ ಓಡಾಡುತ್ತಾಳೆ. ನಾನು ಹತ್ತು ಮಾತಾಡಿದರೆ ಒಂದಕ್ಕೆ "ಹೂಂ" ಎನ್ನುತ್ತಾಳೆ.

ನನಗೆ ಅಳು ಬಂತು. ನಾವು ಬಂದದ್ದು ಇವಳಿಗೆ ಬೇಡವಾಗಿದೆ, ಓಣಿಗೆಲ್ಲ ಹೇಳಿಕೊಂಡಿದ್ದಾಳೆ ಎಂದೇ ಲೆಕ್ಕ ಹಾಕಿದೆ. ಇನ್ನೊಬ್ಬರ ಮನೆಯಲ್ಲಿ ಭಾರವಾಗಿ ಇರುವುದಕ್ಕಿಂತ ತವರಿಗೆ ಹೋಗುವುದೇ ಮೇಲು. ಮನೆ ಸಿಕ್ಕಾಗ ನನ್ನವರೇ ಬಂದು ಕರೆದುಕೊಂಡು ಹೋಗಲಿ.

ಮಧ್ಯಾಹ್ನ ಟ್ರಂಕು ತೆರೆದು ಬಟ್ಟೆ ತುಂಬಿದೆ. ಕೊನೆಗೆ ಪರದೆಯ ಸೀರೆಯನ್ನೂ ಬಿಚ್ಚಿದೆ.

ಸೀರೆ ಮಡಚಿ ಮುಗಿದಿರಲಿಲ್ಲ... ಎದುರುಮನೆಯ ಚಾಂದಬೀ ಬಾಗಿಲಲ್ಲಿ ನಿಂತಿದ್ದಾಳೆ! ಹಿಂದೆ ಇನ್ನೂ ಮೂರ್ನಾಲ್ಕು ಹೆಂಗಸರು.

"ಯಾ ಅಲ್ಲಾ! ಕಡೀಗಿ ಎದ್ರೇನ್ರಿ ನಿಮ್ಮ ಮನಿಯವರು? ತಬಿಯತ್ ಛಲೋ ಅದನೋ ಇಲ್ಲೋ ಅಂತ ನಾವೆಲ್ಲಾ ಫಿಕರ್ ಮಾಡಾಕತ್ತಿದ್ವಿ."

ನನಗೆ ತಲೆಬುಡ ತಿಳಿಯಲಿಲ್ಲ. "ಅವರು ಮುಂಜಾನಿನೇ ಡ್ಯೂಟಿಗಿ ಹೋದ್ರಲ್ರಿ" ಎಂದೆ.

"ಮತ್ತ ಬಾಗಿಲಿಗಿ ಕೆಂಪು ಬಟ್ಟಿ ಯಾಕ ಕಟ್ಟೀರಿ?"

ಆಗ ಗೊತ್ತಾಯಿತು ವಾಡಿಯ ರಿವಾಜು. ಬಾಗಿಲಿಗೆ ಕೆಂಪು ಬಟ್ಟೆ ಕಂಡರೆ ಒಳಗೆ ರಾತ್ರಿ ಡ್ಯೂಟಿ ಮುಗಿಸಿ ಬಂದವರು ಮಲಗಿದ್ದಾರೆ ಎಂದು ಅರ್ಥ. ಯಾರೂ ಕದ ಬಡಿಯುವಂತಿಲ್ಲ, ಕೂಗುವಂತಿಲ್ಲ. ಎದ್ದ ಮೇಲೆ ಬಟ್ಟೆ ತೆಗೆಯಬೇಕು. ನಮ್ಮ ಸಣ್ಣ ಸ್ಟೇಷನ್ನುಗಳಲ್ಲಿ ಇದನ್ನೆಲ್ಲ ಎಲ್ಲಿ ಕಂಡಿದ್ದೆ?

"ನಿಮ್ಮವರು ಹೊರಗ ಕಂಡ್ರ ಹಂಪಣ್ಣ ಮಲಗ್ಯಾನ ಅನ್ಕೊಂಡಿವಿ. ಹಂಪಣ್ಣ ಕಂಡ್ರ ನಿಮ್ಮವರು ಮಲಗ್ಯಾರ ಅನ್ಕೊಂಡಿವಿ!" ಎಂದು ಚಾಂದಬೀ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗು ಕೇಳಿ ಸಿದ್ದಮ್ಮ ಬಂದಳು. ಅವಳ ಕಣ್ಣು ತುಂಬಿದ ಟ್ರಂಕಿನ ಮೇಲೆ ಬಿತ್ತು.

"ಅಕ್ಕಾ, ನಿಮಗ ಗೊತ್ತಿತ್ತಲ್ಲ, ಒಂದು ಮಾತು ಹೇಳಬಾರದೇನ್ರಿ?" ಎಂದೆ.

"ನಮ್ಮ ಓಣಿ ಮಂದಿ ನಿನಗ ಸೇರಲಿಲ್ಲ, ಯಾರೂ ಬರಬಾರದಂತ ಕಟ್ಟೀದಿ ಅನ್ಕೊಂಡೆ ತಂಗಿ. ಮನಿಗಿ ಬಂದಾಕಿ ಕಟ್ಟಿದ್ದು ನಾ ಹೆಂಗ ಬಿಚ್ಚಲಿ? ನಮ್ಮವರಿಗೂ ಏನೂ ಅನಬ್ಯಾಡ್ರಿ ಅಂದಿದ್ದೆ."

ದಿನಾ ಮಧ್ಯಾಹ್ನ ಈ ಹೆಂಗಸರೆಲ್ಲ ಸೇರಿ ಹರಟುತ್ತಿದ್ದದ್ದು ಸಿದ್ದಮ್ಮನ ಮುಂದಿನ ಕೋಣೆಯಲ್ಲೇ ಅಂತೆ. ನನಗೋಸ್ಕರ ಅವಳು ಅದನ್ನೂ ಬಿಟ್ಟು ಸುಮ್ಮನಿದ್ದಳು.

ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವಳೂ ಅತ್ತಳು. ಚಾಂದಬೀ ಅಷ್ಟರಲ್ಲಿ ನನ್ನ ಟ್ರಂಕಿನ ಬಟ್ಟೆಗಳನ್ನು ತೆಗೆದು ಗೂಟಕ್ಕೆ ನೇತುಹಾಕುತ್ತಿದ್ದಳು.

ಸಂಜೆ ನನ್ನವರು ಬಂದರೆ ಓಣಿಗೆ ಓಣಿಯೇ "ನಿದ್ದಿ ಆಯ್ತೇನ್ರಿ?" ಎಂದು ಕೇಳುತ್ತಿದೆ. ಪಾಪ, ಬೆಪ್ಪಾಗಿ ಒಳಗೆ ಬಂದರು.

"ದಿನಾ ಕೆಂಪು ಬಾವುಟಾ ಹಿಡಿತೀರಿ, ಬಾಗಿಲಾಗಿನ ಕೆಂಪು ಕಾಣಲಿಲ್ಲೇನ್ರಿ?" ಎಂದು ತರಾಟೆಗೆ ತೆಗೆದುಕೊಂಡೆ.

"ಮನಿಗಿ ಬಂದ ಮ್ಯಾಲ ನನಗ ಡ್ಯೂಟಿ ಇರಲ್ಲ" ಎಂದು ರೊಟ್ಟಿಗೆ ಕೈ ಹಾಕಿದರು.

ಮುಂದೆ ಅದೇ ಓಣಿಯಲ್ಲಿ ನಮಗೂ ಕ್ವಾರ್ಟರ್ಸ್ ಸಿಕ್ಕಿತು. ಹಾಲು ಉಕ್ಕಿಸುವ ದಿನ ಎಲ್ಲರಿಗಿಂತ ಮೊದಲು ಸಿದ್ದಮ್ಮನೇ ಬಂದಳು, ತನ್ನದೊಂದು ಸೀರೆ ಕತ್ತರಿಸಿ ಹೊಲಿದ ಪರದೆ ಹಿಡಿದುಕೊಂಡು. ಅಚ್ಚ ಹಸಿರು!

ಅಂದಿನಿಂದ ನಮ್ಮ ಮನೆಯ ಪರದೆಗೆ ಬೇರೆ ಬಣ್ಣವಿಲ್ಲ. ಯಾರೂ ಬರುತ್ತಿಲ್ಲವಲ್ಲ ಎಂದು ಬೇಸರವಾದಾಗ ಈಗಲೂ ಮೊದಲು ನನ್ನ ಬಾಗಿಲನ್ನೇ ನೋಡಿಕೊಳ್ಳುತ್ತೇನೆ... ನಿಮ್ಮ ಬಾಗಿಲಿಗೆ ಏನು ಕಟ್ಟಿದ್ದೀರಿ, ನೋಡಿಕೊಂಡಿದ್ದೀರಾ?