ಕೆರೆಗೆ ಬಿದ್ದ ಕರಡಿಗೆ

ಬೆಟ್ಟದ ಕೆರೆಯಲ್ಲಿ ದೋಣಿವಿಹಾರ ಮುಗಿಸಿ ಬಂದವರ ಮುಖ ನೋಡಬೇಕು. ಸಮುದ್ರವನ್ನೇ ದಾಟಿ ಬಂದವರ ಹಾಗೆ ಉಸಿರು ಬಿಡುತ್ತಾರೆ. ಹುಟ್ಟು ಹಾಕಿದವನು ಬೇರೆ ಯಾರೋ. ಬೆರಳನ್ನು ನೀರಿಗೆ ಅದ್ದಿ ಕಿಸಕ್ಕೆಂದು ನಕ್ಕಿದ್ದಷ್ಟೇ ಇವರ ಸಾಹಸ. ಮೈಸೂರಿನಿಂದ ನೀಲಗಿರಿಗೆ ವರ್ಷಗಟ್ಟಲೆ ವ್ಯಾನು ಓಡಿಸಿದ ನಾನು ಇಂಥವರನ್ನು ಬೇಕಾದಷ್ಟು ಹತ್ತಿಸಿ ಇಳಿಸಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗ್ಯಾರೇಜಿನ ಗ್ರೀಸು ಮೆತ್ತಿಕೊಂಡು ಬೆಳೆದು, ಸ್ವಂತ ಗಾಡಿ ಮಾಡಿದವನು ನಾನು. ಸುಮ್ಮನೆ ಕೂತು ತೇಲುವುದನ್ನು ದೊಡ್ಡ ಕೆಲಸ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ಅಂಥ ದೋಣಿಗೆ ನಾನೂ ಒಂದು ಸಲ ಕಾಲಿಟ್ಟೆ. ತಂಗಿಗೋಸ್ಕರ.

ತೊಂಬತ್ತರ ದಶಕದ ಕೊನೆಯ ಮಾತು. ಸರಸ್ವತಿಪುರಂನ ಬಟ್ಟೆ ವ್ಯಾಪಾರದ ಮನೆಯೊಂದರಿಂದ ಅವಳಿಗೆ ಸಂಬಂಧ ಬಂದಿತ್ತು. ನಮ್ಮ ಹಾಗೆಯೇ ಲಿಂಗವಂತರು. ಅಪ್ಪ ಇಲ್ಲದ ಮನೆ ನಮ್ಮದು. ಇದೊಂದು ಕೂಡಿಬಂದರೆ ಸಾಕೆಂದು ಅವ್ವ ದಿನಾ ದೇವರಿಗೆ ಕೈಮುಗಿಯುತ್ತಿದ್ದಳು. ತಂಗಿಗೂ ಹುಡುಗ ಹಿಡಿಸಿದ್ದ. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಹುಡುಗನ ದೊಡ್ಡಪ್ಪನ ಮಾತು. ಮಠದ ಯಾವ ಕೆಲಸವಿದ್ದರೂ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ. ಹೆಣ್ಣು ನೋಡಲು ಬಂದಾಗ ನನ್ನೆದುರೇ ಅವ್ವನಿಗೆ, "ಡ್ರೈವರ್ ಕೆಲಸ ಅಂದ್ರೆ ಊರೂರು ಅಲೆಯೋದು. ಎಲ್ಲೆಲ್ಲಿ ಏನೇನು ತಿಂತಾರೋ ಯಾರಿಗೊತ್ತು ಕಣಮ್ಮ" ಅಂದಿದ್ದ. ನಾನು ನುಂಗಿಕೊಂಡೆ.

ನಿಶ್ಚಿತಾರ್ಥಕ್ಕೆ ಮೊದಲು ಅವನಿಗೆ ಬೆಟ್ಟದ ಗಾಳಿ ಬೇಕೆನಿಸಿತು. ಬೀಗರಾಗುವವರ ಗಾಡಿ, ಅಂದರೆ ನನ್ನದು, ಇತ್ತಲ್ಲ. ಅವನನ್ನೂ ಹುಡುಗನನ್ನೂ ಕೂರಿಸಿಕೊಂಡು ಹೊರಟೆ.

ಊಟಿಗೆ ಆಚೆ ಒಂದು ಕೆರೆ. ಅಲ್ಲೊಬ್ಬ ಗೈಡು, ತಲೆಗೆ ಟೊಪ್ಪಿ, ಬಾಯಿ ತುಂಬ ಸುಳ್ಳು. ಯಾವ ಮರ ಕಂಡರೂ ಅದರ ಕೆಳಗೆ ಯಾವುದೋ ಸಿನಿಮಾದ ಹೀರೋ ಕುಣಿದಿದ್ದ. ನಮ್ಮ ಮೂವರನ್ನೂ ಕೂರಿಸಿಕೊಂಡು ಅವನೇ ಹುಟ್ಟು ಹಾಕಿದ. ದೋಣಿ ನಡುನೀರಿಗೆ ಬಂದದ್ದೇ, "ಸಾರ್, ಇಲ್ಲಿ ಮೀನು ಜಾಸ್ತಿ. ಗಾಳ ಹಾಕ್ತೀರಾ?" ಅಂದ.

ಬೇಡ ಅನ್ನುತ್ತಾನೆಂದುಕೊಂಡೆ. ದೊಡ್ಡಪ್ಪನ ಕಣ್ಣು ಅರಳಿತು.

"ಹಿಡಿದು ವಾಪಸ್ ಬುಟ್ಬುಡೋದಪ್ಪ. ಇದು ಹಿಂಸೆ ಹೆಂಗಾಯ್ತದೆ? ಆಟ ಕಣೋ," ಎಂದು ನನಗೇ ಸಮಜಾಯಿಷಿ ಕೊಟ್ಟ. ಆಮೇಲೆ ಮಾಡಿದ್ದು ನೋಡಿ. ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಶಿವದಾರದ ಸಮೇತ ತೆಗೆದು, ಹುಟ್ಟು ಸಿಕ್ಕಿಸುವ ಕಬ್ಬಿಣದ ಕೊಂಡಿಗೆ ನೇತುಹಾಕಿದ. ಒಳಗೆ ಇಷ್ಟಲಿಂಗವಿದೆ. ದೀಕ್ಷೆಯಾದ ಮೇಲೆ ಉಸಿರಿರುವ ತನಕ ಅದು ಮೈಯಿಂದ ಇಳಿಯಬಾರದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೀನಿನ ಮೈಲಿಗೆ ಲಿಂಗಕ್ಕೆ ತಾಗಬಾರದೆಂದು ಲಿಂಗವನ್ನೇ ಇಳಿಸಿದ ಭಕ್ತ ಇವನು!

"ಗಾಳ ಬಿಟ್ಬುಡಿ ದೊಡ್ಡಪ್ಪನೋರೇ, ಕರಡಿಗೆ ತೆಗೀಬ್ಯಾಡಿ," ಅಂದೆ.

"ನಂಗೇ ಹೇಳ್ಕೊಡ್ತೀಯೇನೋ? ನಿನ್ ಸ್ಟೇರಿಂಗ್ ನೀನು ನೋಡ್ಕೋ ಹೋಗು."

ಗಾಳ ಜಗ್ಗಿತು. "ಬಿತ್ತು ಬಿತ್ತು!" ಎಂದು ಎದ್ದು ನಿಂತ. ದೋಣಿ ವಾಲಿತು. ಗೈಡು ಗಾಬರಿಯಿಂದ ಹುಟ್ಟು ಎಳೆದ. ಅದು ಕೊಂಡಿಗೆ ಬಡಿದು ಕರಡಿಗೆ ಬುಳಕ್ಕೆಂದು ನೀರಿಗಿಳಿಯಿತು. ಮೀನೂ ತಪ್ಪಿಸಿಕೊಂಡಿತು.

"ಬೆಳ್ಳೀದಾ ಸಾರ್?" ಎಂದು ಗೈಡು ಕೇಳಿದ.

ಲಿಂಗ ಕಳೆದುಕೊಂಡವನ ಗಂಟಲಲ್ಲಿ ನೀರೂ ಇಳಿಯಬಾರದು. ಈ ಪುಣ್ಯಾತ್ಮ ದಡದಲ್ಲಿ ಒಂದು ಪ್ಲೇಟು ಮೆಣಸಿನಕಾಯಿ ಬಜ್ಜಿ ಮುಗಿಸಿದ. ಗುಂಡ್ಲುಪೇಟೆ ದಾಟುವಾಗ ಹಿಂದಿನ ಸೀಟಿನಿಂದ ಮೆತ್ತಗೆ ಶುರುಮಾಡಿದ.

"ನೋಡಪ್ಪ, ಘಾಟಿ ತಿರುವಲ್ಲಿ ಗಾಡಿ ಎತ್ತಾಕ್ತು, ದಾರ ಕಿತ್ತೋಗಿ ಕರಡಿಗೆ ಕಿಟಕಿಯಿಂದ ಕಣಿವೆಗೆ ಬಿತ್ತು ಅನ್ನಣ. ನಾನು ಮಠಕ್ಕೆ ಹೋಗಿ ಬೇರೆ ಲಿಂಗ ಕಟ್ಟಿಸ್ಕೋತೀನಿ. ನಿಶ್ಚಿತಾರ್ಥ ಅಂದ್ಕೊಂಡಂಗೇ ನಡೀಲಿ. ಇಲ್ದಿದ್ರೆ ಅಪಶಕುನ ಅಂತ ನಾನೇ ಈ ಸಂಬಂಧ ಬ್ಯಾಡ ಅನ್ಬೇಕಾಯ್ತದೆ."

ಹುಡುಗ ಕಿಟಕಿಯಾಚೆ ನೋಡುತ್ತಿದ್ದ. ತಂಗಿಯ ಮದುವೆಗೆ ನನ್ನ ಡ್ರೈವಿಂಗಿನ ಹೆಸರು ಕೆಟ್ಟರೆ ಕೆಡಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ.

ಬನ್ನಿಮಂಟಪದ ನಮ್ಮ ಮನೆಯಲ್ಲಿ ಕೂತು ಅವನು ಕಥೆಗೆ ಬಣ್ಣ ಕಟ್ಟಿದ. "ನಿಮ್ಮ ಮಗ ವ್ಯಾನು ಓಡಿಸ್ತಾನೋ, ಎತ್ತಿನಗಾಡಿ ಹೊಡೀತಾನೋ ಕಣಮ್ಮ!" ಅವ್ವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ನಾನು ತಲೆ ಎತ್ತಲಿಲ್ಲ. ಆಗ ಕಾಫಿ ತಂದಿಟ್ಟ ತಂಗಿ ನೇರವಾಗಿ ಹುಡುಗನನ್ನು ಕೇಳಿದಳು. "ನೀವೂ ಗಾಡೀಲಿದ್ರಲ್ಲ. ಹಿಂಗೇ ಆಯ್ತಾ?"

ಅವನು ದೊಡ್ಡಪ್ಪನ ಮುಖ ನೋಡಿದ. "ಹೂಂ, ಹಿಂಗೇ ಆಯ್ತು," ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. "ನಿಧಾನಕ್ಕೆ ಹೋಗಿ ಅಂತ ನಾನೂ ಹೇಳ್ದೆ, ಅವ್ರು ಕೇಳ್ಲಿಲ್ಲ."

ಹೇಳಿಕೊಟ್ಟ ಸುಳ್ಳು ಸಾಲದೆ ತನ್ನದೊಂದನ್ನು ಸೇರಿಸಿದ್ದ. ಇವನ ಕೈಗೆ ತಂಗಿಯನ್ನು ಕೊಡುವುದೇ? ದೋಣಿ, ಗಾಳ, ಕೊಂಡಿ, ಬಜ್ಜಿ, ಎಲ್ಲವನ್ನೂ ಅಲ್ಲೇ ಒದರಿಬಿಟ್ಟೆ. ಅವ್ವ ಬಾಯಿಗೆ ಸೆರಗು ಹಿಡಿದಳು. ದೊಡ್ಡಪ್ಪ ಶಲ್ಯ ಕೊಡವಿ ಎದ್ದ. "ಇಂಥ ಮನೆ ಹೆಣ್ಣು ನಮಗ್ಬ್ಯಾಡ!"

"ಕಾಫಿ ಕುಡ್ಕೊಂಡೇ ಹೋಗಿ," ಅಂದಳು ತಂಗಿ. "ಅದ್ರಲ್ಲಿ ಮೀನಿಲ್ಲ."

ಅವರು ಕುಡಿಯಲಿಲ್ಲ. ಒಲೆಯ ಮುಂದೆ ಕೂತ ಅವ್ವ ನಮ್ಮಿಬ್ಬರನ್ನೂ ಶಪಿಸುತ್ತಿದ್ದಳು. ಆರಿಹೋಗುವ ಮೊದಲೇ ಆ ಎರಡು ಲೋಟವನ್ನು ನಾನೊಂದು, ತಂಗಿಯೊಂದು ಎತ್ತಿಕೊಂಡೆವು.