ಸೆರೆ ಅಂಗಡಿ ಮುಂದ ನಿಂತ ಎತ್ತು

ನಮ್ಮ ತೇರಗಾಂವದಾಗ ಆಗ ಕುಡಿಯೂದು ಅಂದ್ರ ಒಂದೆರಡು ಗುಟುಕಲ್ಲ, ಬೀಳೂತನಕ. ಸಂತಿ ದಿನ ಹಳಿಯಾಳಕ್ಕ ಹೋದ ಗಂಡಸರು, ಮೀಸಿ ಚಿಗುರದ ಹುಡುಗರಿಂದ ಹಿಡದು ಹಲ್ಲು ಬಿದ್ದ ಮುದುಕರ ತನಕ, ಚಕ್ಕಡ್ಯಾಗ ಚೀಲದಂಗ ಬಿದ್ದು ಬರ್ತಿದ್ರು. ನಮ್ಮಪ್ಪನೂ ಅವರಾಗ ಒಬ್ಬಾವ. ನಮ್ಮ ಎತ್ತಿಗೆ ಎಷ್ಟು ರೂಢಿ ಅಂದ್ರ, ಸೆರೆ ಅಂಗಡಿ ಬಂತಂದ್ರ ಹೇಳದನ ನಿಲ್ತಿದ್ವು.

ನನಗ ವರ ನೋಡೂವಾಗ ನಮ್ಮವ್ವಂದು ಒಂದ ಹಟ. "ಬಡವಗ ಬೇಕಾರ ಕೊಡ್ತೇನಿ, ಕುಡುಕಗ ಕೊಡಾಂಗಿಲ್ಲ. ನನ್ನಂಗ ನನ್ನ ಮಗಳು ಬಾಗಲಾ ಕಾಯೂದು ಬ್ಯಾಡ."

ಮೊದಲ ವರನ ಅಪ್ಪ ಎದಿ ಮುಟಗೊಂಡು ಹೇಳಿದ, "ಶಿವನಾಣಿ, ನಮ್ಮ ಹುಡುಗ ಅದರ ವಾಸನಿಗೂ ನಿಲ್ಲಾಂಗಿಲ್ರೀ!" ನಮ್ಮವ್ವ ಭಾಳ ಮೆತ್ತಗ, "ಹಂಗಾರ ನಿಮ್ಮ ಚಕ್ಕಡ್ಯಾಗ ಹಳಿಯಾಳಕ್ಕ ಹೋಗಿ ಸೀರಿ ನೋಡ್ಕೊಂಡ ಬರೂಣು ಬರ್ರಿ" ಅಂದ್ಲು. ನಾನೂ ಹಿಂದ ಕುಂತೆ.

ಸೆರೆ ಅಂಗಡಿ ಬಂತು. ಎತ್ತು ನಿಂತ್ವು. ಹೊಡದ್ರೂ ಹೋಗವಲ್ವು! ಒಂದಂತೂ ಅಲ್ಲೇ ಮಕ್ಕೊಂಡು ಮೆಲುಕು ಹಾಕಾಕ ಹತ್ತಿತು.

"ನೀರಡಿಕಿ ಆಗೈತಿ ಕಾಣಸ್ತೈತ್ರಿ," ಅಂದ ವರನ ಅಪ್ಪ.

"ಯಾರಿಗ್ರೀ?" ಅಂದ್ಲು ನಮ್ಮವ್ವ.

ಅಷ್ಟರಾಗ ಅಂಗಡ್ಯಾವ ಹೊರಗ ಬಂದು, "ಬರ್ರಿ ಬರ್ರಿ, ಸಣ್ಣ ಧಣಿ ಯಾಕ ಬಂದಿಲ್ಲ?" ಅಂತ ಕೇಳಬೇಕ! ನಮ್ಮವ್ವ ಇಳದು ಊರ ಹಾದಿ ಹಿಡದ್ಲು. ನಾ ಸೆರಗು ಬಾಯಾಗ ತುರುಕ್ಕೊಂಡು ನಕ್ಕೋತ ಬೆನ್ನ ಹತ್ತಿದೆ.

ಆಮ್ಯಾಲೆ ಸಾಂಬ್ರಾಣಿ ಅನ್ನೂ ಊರಿನ ವರ ಬಂದ. ಮತ್ತ ಅದ ಹಾದಿ, ಅದ ಸೀರಿ ನೆಪ. ಅಂಗಡಿ ಬಂತು. ಅವರ ಎತ್ತು ಆ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ, ಗೆಜ್ಜಿ ಬಾರಿಸ್ಕೋತ ಮುಂದ ಹೋದ್ವು. ನಮ್ಮವ್ವನ ಕಣ್ಣಾಗ ನೀರು. ಅವತ್ತ ವರಗಿಂತ ಮೊದಲ ಎತ್ತಿಗೆ ಬೆಲ್ಲಾ ತಿನಿಸಿದ್ಲು. ಮದುವಿ ಆಗೇ ಹೋತು.

ಗಂಡನ ಮನ್ಯಾಗ ಒಂದಿನ ರೊಟ್ಟಿ ಬಡಕೋತ ನಮ್ಮತ್ತಿ ಅಂದ್ಲು, "ಈ ಎತ್ತು ಭಾಳ ಚೊಲೊ ನೋಡವಾ. ನಿನ್ನ ನೋಡಾಕ ಬರೂ ಹಿಂದಿನ ದಿನಾನ ಕೊಂಡು ತಂದದ್ದು."

ನಾ ಎದ್ದು ಕೊಟ್ಟಿಗಿಗೆ ಹೋಗಿ ಎತ್ತಿನ ಮಾರಿ ನೋಡಿದೆ. ಆ ಮಳಿಗಾಲ ಮುಗಿಯೂದ್ರಾಗ ಅವೂ ಅಂಗಡಿ ಮುಂದ ನಿಲ್ಲೂದು ಕಲತ್ವು. ನಾನೂ ಬಾಗಲಾ ಕಾಯೂದು ಕಲತೆ. ಸಿಟ್ಟು ಬರ್ತಿತ್ತು, ಅಳೂನೂ ಬರ್ತಿತ್ತು. ಆದ್ರ ನಮ್ಮವ್ವಗ ಹೇಳಾಕ ಬಾಯಿ ಬರಲಿಲ್ಲ. ಆಕಿ ನಮ್ಮ ಮನಿಗೆ ಬಂದಾಗೆಲ್ಲಾ ಮೊದಲ ಕೊಟ್ಟಿಗಿಗೆ ಹೋಗಿ ಆ ಎತ್ತಿಗೆ ಬೆಲ್ಲಾ ತಿನಸ್ತಿದ್ಲು.