ಮದ್ದು ಹಾಕಿದಾಕಿ

ಮೊನ್ನೆ ಹೋಳಿಗೆಯ ಹೂರಣಕ್ಕೆಂದು ಜಾಜಿಕಾಯಿ ತೇಯುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತಿತು. ಮನೆಯವರಿಗೆಲ್ಲ ಅದು ಹಬ್ಬದ ವಾಸನೆ. ನನಗೆ ಮಾತ್ರ ಮೊರಬದಲ್ಲಿ ನಮ್ಮ ಬಾಜೂ ಮನೆಯ ಗೋಡೆಯ ಮಾಡದೊಳಗೆ ಅರಿವೆ ಮುಚ್ಚಿಟ್ಟಿದ್ದ ಭರಣಿಯ ವಾಸನೆ. ಅದರಲ್ಲಿದ್ದ ಕರಿ ಲೇಹ್ಯ, ಅದನ್ನು ದಿನಾ ಹಾಲಿನಲ್ಲಿ ಕದಡಿ ಗಂಡನಿಗೆ ಕೊಡುತ್ತಿದ್ದ ವೈನಿ...

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮವರಿಗೆ ಮೊರಬದ ಶಾಲೆಗೆ ವರ್ಗವಾಗಿತ್ತು. ಹೊಸದಾಗಿ ಮದುವೆಯಾಗಿ ಬಂದ ನನಗೆ ರೊಟ್ಟಿ ಬಡಿಯಲು ಕಲಿಸಿದವಳು ಬಾಜೂ ಮನೆಯ ವೈನಿ. ಒಬ್ಬಳೇ ಮಗಳನ್ನು ಅಣ್ಣಿಗೇರಿಗೆ ಮದುವೆ ಮಾಡಿ ಕೊಟ್ಟಿದ್ದಳು. ಮನೆಯಲ್ಲಿ ಅತ್ತೆ ಮತ್ತು ಗಂಡ. ಗಂಡನನ್ನು ನಾನು ಅಣ್ಣಾರು ಎನ್ನುತ್ತಿದ್ದೆ, ಅದಕ್ಕೇ ಅವಳು ನನಗೆ ವೈನಿ. ನಲವತ್ತು ದಾಟಿದ ಗಟ್ಟಿ ಆಳು, ಎರೆಹೊಲದ ಒಕ್ಕಲುತನ, ಊರಲ್ಲಿ ನಾಲ್ಕು ಮಂದಿ ಮಾತು ಕೇಳುವಂಥ ಮನುಷ್ಯ.

ಅಂಥವರು ಬರಬರುತ್ತಾ ಮಾತು ಕಡಿಮೆ ಮಾಡಿದರು. ಸಣ್ಣ ಸಣ್ಣದಕ್ಕೂ ವೈನಿಯ ಮೇಲೆ ಸಿಡುಕು. ಒಂದು ಮಧ್ಯಾಹ್ನ ಹತ್ತಿ ಬಿಡಿಸಿ ಬಂದು ನಾವಿಬ್ಬರೂ ಬದುವಿನ ಮೇಲೆ ಕೂತಾಗ ಅಣ್ಣಾರಿಗೆ ಏನಾಗಿದೆ ಎಂದು ನಾನೇ ಕೇಳಿದೆ. ವೈನಿ ಸೆರಗಿಗೆ ಅಂಟಿದ ಹತ್ತಿಯ ಎಳೆ ಕೀಳತೊಡಗಿದಳು.

“ಅವರಿಗೆ ಈಗ ಆಗೂದಿಲ್ಲ ತಂಗಿ,” ಅಂದಳು. “ವರ್ಷದ ಮ್ಯಾಲಾತು. ನಾ ಏನೂ ಅಂದಿಲ್ಲ. ಅನ್ನಲಾರದ್ದಕ್ಕs ಅವರಿಗೆ ಸಿಟ್ಟು.”

ಮೊದಮೊದಲು ಯಾವಾಗಲೋ ಒಮ್ಮೆ ಹಾಗಾಗುತ್ತಿತ್ತಂತೆ. ಸುಗ್ಗಿಯ ದಣಿವು ಅಂದುಕೊಂಡರು. ಆಮೇಲೆ ಸುಗ್ಗಿ ಮುಗಿದರೂ ಹಾಗೇ. ಕಡೆಗೆ ಹೆಂಡತಿಗೆ ಬೆನ್ನು ಮಾಡಿ ಮಲಗುವುದೇ ರೂಢಿಯಾಯಿತು. ದವಾಖಾನೆಗೆ ಹೋಗೋಣ ಎಂದು ವೈನಿ ಒಂದು ಸಲ ಅಂದದ್ದಕ್ಕೆ, ನನ್ನ ಗಂಡಸುತನ ಊರ ಮುಂದ ಹರಾಜು ಮಾಡ್ತೀಯೇನು ಎಂದು ಕೈ ಎತ್ತಿದ್ದರಂತೆ. ನವಲಗುಂದಕ್ಕೆ ದಿನಾ ಬಸ್ಸಿತ್ತು. ಅಲ್ಲಿ ಸರಕಾರಿ ದವಾಖಾನೆಯೂ ಇತ್ತು. ಅವರು ಹೋದದ್ದು ಅಣ್ಣಿಗೇರಿ ಸಂತೆಯಲ್ಲಿ ಡೇರೆ ಹಾಕಿ, ಪೈಲ್ವಾನರ ಚಿತ್ರ ತೂಗುಹಾಕಿಕೊಂಡು ಕೂತ ವೈದ್ಯನ ಹತ್ತಿರ. ಅವನು ಕೊಟ್ಟದ್ದೇ ಆ ಲೇಹ್ಯ. ಜಾಜಿಕಾಯಿ, ತುಪ್ಪ, ಸಕ್ಕರೆಪಾಕ... ಎರಡು ಹೊತ್ತು ಹಾಲಿನಲ್ಲಿ ಕುಡಿದರು. ಏನೂ ಆಗಲಿಲ್ಲ.

ಅಷ್ಟೊತ್ತಿಗೆ ಬೇರೆ ಲಕ್ಷಣಗಳೂ ಕಾಣಿಸಿಕೊಂಡಿದ್ದವು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದರು, ಮೇಲಿಂದ ಮೇಲೆ ಹಿತ್ತಲಿಗೆ ಏಳುತ್ತಿದ್ದರು. ಅಂಗಾಲು ಜುಮುಗುಡುತ್ತದೆ ಎಂದು ಕಾಲು ತಿಕ್ಕಿಸಿಕೊಳ್ಳುತ್ತಿದ್ದರು. ಇವೆಲ್ಲ ಒಂದೇ ರೋಗದ್ದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಮಾತ್ರ ಎಲ್ಲಾ ಗೊತ್ತಾಗಿತ್ತು. ಸೊಸೆ ಊಟದಲ್ಲಿ ಮದ್ದು ಹಾಕಿ ನನ್ನ ಮಗನ ಕಸುವು ಹೀರಿದಳು ಅಂದಳು. ಮೊದಲು ಅಡಿಗೆಮನೆಯಲ್ಲಿ ಅಂದಳು, ಆಮೇಲೆ ಬಾವಿಕಟ್ಟೆಯಲ್ಲಿ ಅಂದಳು. ಅಣ್ಣಾರು ಅದನ್ನು ಅಲ್ಲಗಳೆಯಲಿಲ್ಲ. ತಮ್ಮ ಮೈಯಲ್ಲಿ ರೋಗ ಇದೆ ಎನ್ನುವುದಕ್ಕಿಂತ ಹೆಂಡತಿಯ ಕೈಯಲ್ಲಿ ವಿಷ ಇದೆ ಎನ್ನುವುದು ಅವರಿಗೆ ಹಗುರವಾಗಿ ಕಂಡಿರಬೇಕು. ವೈನಿ ಬಡಿಸಿದ ತಾಟನ್ನು ಅವರು ದೂಡಿದ ದಿನ ನಾನು ಅಲ್ಲೇ ಪಡಸಾಲೆಯಲ್ಲಿದ್ದೆ. ಮರುವಾರ ತವರೂರು ಬಮ್ಮಿಗಟ್ಟಿಯಿಂದ ಅವಳ ಅಣ್ಣ ಬಂದು ಕರೆದುಕೊಂಡು ಹೋದ.

ಗಂಡು ಸಂತಾನ ಬೇಕೆಂಬ ನೆವ ಮುಂದಿಟ್ಟು ಯಮನೂರು ಕಡೆಯ ಬಡವರ ಹುಡುಗಿಯೊಬ್ಬಳನ್ನು ಅಣ್ಣಾರಿಗೆ ಎರಡನೇ ಮದುವೆ ಮಾಡಿ ತಂದರು. ಅವಳ ಹತ್ತಿರವೂ ಅದೇ ಆದಾಗಲಾದರೂ ಊರಿಗೆ ತಿಳಿಯಬೇಕಿತ್ತು. ಇಲ್ಲ... ಮೊದಲಿನಾಕಿ ಹಾಕಿದ ಮದ್ದು ಇನ್ನೂ ಇಳಿದಿಲ್ಲ ಅಂದರು. ಆ ಹುಡುಗಿ ಒಂದು ದಿನ ಯಾರಿಗೂ ಹೇಳದೆ ತವರಿಗೆ ಹೋದವಳು ತಿರುಗಿ ಬರಲಿಲ್ಲ.

ಆಮೇಲೆ ಅಣ್ಣಾರ ಕಾಲಿಗೆ ಹೊಲದಲ್ಲಿ ಜಾಲಿಮುಳ್ಳು ನಟ್ಟಿತು. ಅಂಗಾಲಿಗೆ ಸ್ಪರ್ಶವೇ ಇರಲಿಲ್ಲವಾದ್ದರಿಂದ ಗೊತ್ತಾಗಲಿಲ್ಲ. ಗಾಯ ಕೊಳೆತು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯುವ ಹೊತ್ತಿಗೆ ಮೊಣಕಾಲಿನ ತನಕ ಕತ್ತರಿಸದೆ ಗತಿ ಇರಲಿಲ್ಲ. ನಮ್ಮವರೂ ಜೊತೆಗೆ ಹೋಗಿದ್ದರು. ಸಕ್ಕರೆ ಕಾಯಿಲೆ, ಬಹಳ ವರ್ಷದ್ದು ಅಂದರಂತೆ ಡಾಕ್ಟರು. ಎಲ್ಲರನ್ನೂ ಹೊರಗೆ ಕಳಿಸಿ ಅಣ್ಣಾರ ಹತ್ತಿರ ಏನೇನೋ ಕೇಳಿ ತಿಳಿದುಕೊಂಡು ಬಂದು, ನಮ್ಮವರ ಮುಂದೆ ತಲೆ ಚಚ್ಚಿಕೊಂಡರಂತೆ.

“ಒಂದೆರಡು ಸಲ ಹಂಗಾದ್ರ ದಣಿವು, ಚಿಂತಿ ಅನ್ನಬಹುದು ಮಾಸ್ತರ್ರ. ತಿಂಗಳಗಟ್ಟಲೆ ಹಂಗs ಇದ್ರ ಒಳಗ ಬ್ಯಾನಿ ಐತಿ ಅಂತ ತಿಳೀಬೇಕು. ಆವಾಗ ಬಂದಿದ್ರ ಈ ಕಾಲು ಉಳೀತಿತ್ತು.”

ಅಣ್ಣಾರನ್ನು ಮನೆಗೆ ತಂದ ಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಈಗ ವೈನಿಯ ನೆನಪಾಯಿತು. ಹೇಳಿ ಕಳಿಸಿದರು. ಅವಳು ಬಂದಳು. ನೀನೂ ಬಾ ಎಂದು ನನ್ನನ್ನೂ ಜೊತೆಗೆ ಕರೆದಳು. ಅಣ್ಣಾರು ಕಂಬಳಿ ಹೊದ್ದು ಮಲಗಿದ್ದರು. ಅತ್ತೆ ಮೂಲೆಯಲ್ಲಿ ಕೂತಿದ್ದಳು. ವೈನಿ ಅಳಲಿಲ್ಲ. ಮಂಚದ ಹತ್ತಿರ ನಿಂತು ಕೇಳಿದಳು.

“ನಾ ಇಲ್ಲೇ ಇದ್ದು ಎಲ್ಲಾ ಮಾಡತೇನ್ರಿ. ನಾ ಮದ್ದು ಹಾಕಿಲ್ಲಂತ ಅತ್ತಿ ಮುಂದ ಒಂದ ಮಾತು ಹೇಳ್ರಿ.”

ಅಣ್ಣಾರು ಅವಳನ್ನು ನೋಡಲಿಲ್ಲ.

“ಈಗ ಅದನ್ನೆಲ್ಲಾ ಯಾಕ ತಗೀತಿ,” ಅಂದರು.

ವೈನಿ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಬಸ್ ಸ್ಟ್ಯಾಂಡಿನ ತನಕ ನಾನೂ ಹೋದೆ. ತವರಿನ ಕಡೆಯ ಕಲಘಟಗಿ ಬಸ್ಸು ಹತ್ತಿದಳು. ಹಿಂದಕ್ಕೆ ತಿರುಗಿ ನೋಡಲಿಲ್ಲ.

ಅಣ್ಣಾರು ಮುಂದಿನ ಮಳೆಗಾಲ ಕಾಣಲಿಲ್ಲ. ಡಾಕ್ಟರು ಹೇಳಿದ್ದನ್ನು ನಮ್ಮವರು ಊರಲ್ಲಿ ಕೇಳಿದವರಿಗೆಲ್ಲ ಹೇಳಿದರು. ಸಕ್ಕರೆ ಕಾಯಿಲೆ ಎಂಬುದನ್ನು ಜನ ಒಪ್ಪಿದರು. ಅದಕ್ಕೂ ಗಂಡಸುತನಕ್ಕೂ ಏನು ಸಂಬಂಧರೀ ಮಾಸ್ತರ ಎಂದು ನಕ್ಕರು. ಹೆಂಡತಿ ಗಂಡನನ್ನು ಅಂಥ ಸ್ಥಿತಿಯಲ್ಲಿ ಬಿಟ್ಟು ಹೋದದ್ದು ಮಾತ್ರ ಎಲ್ಲರಿಗೂ ನೆನಪುಳಿಯಿತು.

ಎಷ್ಟೋ ವರ್ಷಗಳ ಮೇಲೆ ನಮ್ಮವರಿಗೂ ಅದೇ ತೊಂದರೆ ಶುರುವಾಯಿತು. ಅವರು ನನ್ನ ಮುಂದೆ ಬಾಯಿಬಿಟ್ಟು ಹೇಳಿದರು. ಇಬ್ಬರೂ ಕೂಡಿ ಧಾರವಾಡದಲ್ಲಿ ಡಾಕ್ಟರ ಹತ್ತಿರ ಹೋದೆವು. ರಕ್ತ ತಪಾಸಣೆ, ಗುಳಿಗೆ, ಪಥ್ಯ... ಕೊನೆಯ ತನಕ ಎರಡೂ ಕಾಲ ಮೇಲೆ ಓಡಾಡಿದರು. ಅಣ್ಣಾರೂ ಇಷ್ಟು ಮಾಡಿದ್ದರೆ ಆಗುತ್ತಿತ್ತು. ಇಷ್ಟೇ.

ವೈನಿ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಡವಾಗಿ. ಮಣ್ಣಿಗೂ ಹೋಗಲಾಗಲಿಲ್ಲ. ಹೋದ ವರ್ಷ ಸೊಸೆಯ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು, ಬಮ್ಮಿಗಟ್ಟಿಯವಳು. ನಿಮ್ಮ ಊರಲ್ಲಿ ಇಂಥ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರಲ್ಲ ಎಂದು ಕೇಳಿದೆ. ಇದ್ದಳಂತೆ. ಆಕಿ ಏನು ಕೊಟ್ಟರೂ ತಿನ್ನಬೇಡ ಎಂದು ಸಣ್ಣವಳಿದ್ದಾಗ ಅವ್ವ ಬೈಯುತ್ತಿದ್ದಳಂತೆ. ಯಾಕೆ ಅಂದೆ.

“ಗೊತ್ತಿಲ್ರಿ. ಗಂಡಗ ಮದ್ದು ಹಾಕಿ ಬಂದಾಕಿ ಅಂತಿದ್ರು.”

ಹಾಕಿರಲಿಲ್ಲ, ಅವರಿಗೆ ಸಕ್ಕರೆ ಕಾಯಿಲೆ ಇತ್ತು ಅಂದೆ. ಹುಡುಗಿ ಹೌದ್ರಿ ಎಂದು ತಲೆಯಾಡಿಸಿದಳು. ಸೊಸೆಯ ಕಡೆಗೆ ತಿರುಗಿ ಬೇರೆ ಮಾತು ತೆಗೆದಳು.